ಗತಕಾಲದ ಪತ್ತೇದಾರರು

ಕೊಲೆಯ ಕಥೆಗಳನ್ನು ಓದುವುದು ಹೊತ್ತುಗಳೆಯುವ ಚಟವೆಂದು ಬಲ್ಲವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹಾಗಾದರೆ ಹಿಂದಿನ ಶತಮಾನಗಳ ಕೊಲೆಯ ಕಥೆಗಳನ್ನು ಓದುವುದು ಇನ್ನೂ ನಿಷ್ಪ್ರಯೋಜಕವಾದ ಚಟವೆನ್ನಬೇಕು. ಕೊಂದವನು ಮಣ್ಣಾಗಿದ್ದಾನೆ, ಸತ್ತವನು ಅವನಿಗಿಂತ ಮುಂಚೆಯೇ ಮಣ್ಣಾಗಿದ್ದಾನೆ, ತೀರ್ಪು ಕೊಟ್ಟವನ ಹೆಸರನ್ನು ಬಲ್ಲವರೂ ಉಳಿದಿಲ್ಲ. ಹೀಗಿರಲು, ಎಂದೋ ನಡೆದುಹೋದುದನ್ನು, ಅದರಲ್ಲಿಯೂ ಬಹುಪಾಲು ಕಲ್ಪಿತವಾದುದನ್ನು, ಮತ್ತೆ ಕೆದಕಿ ಅಪರಾಧಿಯನ್ನು ಹುಡುಕುವುದರಿಂದ ಯಾರಿಗೆ ಏನು ಬಂದಂತಾಯಿತು? ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ವೃದ್ಧರೊಬ್ಬರು, ಮಗಳು ಕಳುಹಿಸಿದ ಪುಸ್ತಕಗಳ ಕಟ್ಟನ್ನು ಬಿಚ್ಚಿದಾಗ ಕೇಳಿದ ಪ್ರಶ್ನೆ ಇದು. ಕಟ್ಟಿನಲ್ಲಿದ್ದುವೆಲ್ಲ ಐತಿಹಾಸಿಕ ಪತ್ತೇದಾರಿ ಕಾದಂಬರಿಗಳು. ತಂದೆಗೆ ಹಳೆಯ ಕಡತಗಳ ಮೇಲೆ ಪ್ರೀತಿ. ಮೊಮ್ಮಕ್ಕಳಿಗೆ ಹೇಳುವ ಕಥೆಗಳಲ್ಲಿಯೂ ಕಚೇರಿಯ ವಿಚಾರಣೆಯ ಪ್ರಸಂಗಗಳೇ ಹೆಚ್ಚು. ಆದಕಾರಣ ಈ ಪುಸ್ತಕಗಳು ಅವರಿಗೆ ರುಚಿಸುವುವೆಂದು ಮಗಳ ಎಣಿಕೆ. ಆ ಎಣಿಕೆ ತಪ್ಪಲಿಲ್ಲ.

ಈ ಜಾತಿಯ ಕಾದಂಬರಿ ಬಹಳ ಪ್ರಾಚೀನವಾದುದೇನೂ ಅಲ್ಲ. ಅಮೆರಿಕದ ಮೆಲ್ವಿಲ್ ಡೇವಿಸನ್ ಪೋಸ್ಟ್ ಎಂಬ ಲೇಖಕನು ಹಿಂದಿನ ಕಾಲದ ವರ್ಜೀನಿಯದ ಬೆಟ್ಟನಾಡಿನಲ್ಲಿ ಅಬ್ನರ್ ಎಂಬ ಧರ್ಮನಿಷ್ಠ ಗೃಹಸ್ಥನನ್ನು ಪತ್ತೇದಾರನನ್ನಾಗಿ ಮಾಡಿ ಬರೆದ ಕಥೆಗಳು 1918ರಲ್ಲಿ ಪುಸ್ತಕರೂಪವನ್ನು ತಾಳಿದುವು. ಅಗಾಥಾ ಕ್ರಿಸ್ಟಿಯವರು 1944ರಲ್ಲಿ ಪ್ರಕಟವಾದ ಒಂದು ಕಾದಂಬರಿಯಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದಿನ ಈಜಿಪ್ಟಿನ ಒಂದು ಮನೆತನದೊಳಕ್ಕೆ ಕೊಲೆಯನ್ನು ತಂದರು. ಆದರೂ ಇದು ಒಂದು ಪಂಥವಾಗಿ ಬೆಳೆದುದು 1970ರ ದಶಕದಿಂದ ಈಚೆಗೆ. ಇವುಗಳಲ್ಲಿ ಬರುವ ಪತ್ತೇದಾರರನ್ನು ಎರಡು ಬಗೆಯವರೆಂದು ವಿಂಗಡಿಸಬಹುದು. ಒಬ್ಬನಿಗೆ ಅಧಿಕಾರವುಂಟು, ಮುದ್ರೆಯುಂಟು, ಹಿಂದೆ ಬಂಟರುಂಟು. ಪತ್ತೆ ಮಾಡುವುದು ಅವನ ಉದ್ಯೋಗ. ಇನ್ನೊಬ್ಬನಿಗೆ ಇವು ಯಾವುವೂ ಇಲ್ಲ. ಯಾರೂ ಕರೆಯದಿದ್ದರೂ ಅವನು ಹೋಗಿ ನೋಡುತ್ತಾನೆ. ಸರ್ಕಾರದ ಅನ್ನವನ್ನು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಉಂಡ ಶಿರಸ್ತೇದಾರರ ಮನಸ್ಸು ಮೊದಲು ಮೊದಲನೆಯವನ ಕಡೆಗೇ ಒಲಿದುದು ಸಹಜ.

ಆದುದರಿಂದ ಅವರು ಮೊದಲು ಕೈಗೆತ್ತಿಕೊಂಡುದು ಚೀನಾ ದೇಶದ ನ್ಯಾಯಾಧಿಪತಿ ಡೀ ಎಂಬಾತನ ಕಥೆಗಳನ್ನು. ಇವನ್ನು ಬರೆದ ರಾಬರ್ಟ್ ವಾನ್ ಗುಲಿಕ್ (1910–1967) ಹಾಲೆಂಡಿನ ರಾಜತಂತ್ರಜ್ಞ. ಪೂರ್ವದೇಶಗಳ ಭಾಷೆಗಳಲ್ಲಿ ಮಹಾಪಂಡಿತ. ಕಾಳಿದಾಸನ ವಿಕ್ರಮೋರ್ವಶೀಯವನ್ನು 1932ರಲ್ಲಿ ಡಚ್ ಭಾಷೆಗೆ ತಂದವನು. ಹದಿನೆಂಟನೆಯ ಶತಮಾನದ ಒಂದು ಚೀನೀ ಪತ್ತೇದಾರಿ ಕಾದಂಬರಿಯನ್ನು ಅವನು ಇಂಗ್ಲಿಷಿಗೆ ಪರಿವರ್ತಿಸಿ 1949ರಲ್ಲಿ ಪ್ರಕಟಿಸಿದನು; ಅನಂತರ ಅದೇ ನಾಯಕನನ್ನು ಇಟ್ಟುಕೊಂಡು ತಾನೇ ಕಥೆಗಳನ್ನು ಕಟ್ಟಿದನು. ಡೀ ಕೇವಲ ಕಲ್ಪಿತ ವ್ಯಕ್ತಿಯಲ್ಲ. ಡೀ ರೆನ್‌ಜಿಯೆ ಎಂಬ ಹೆಸರಿನ ಮಂತ್ರಿ ತಾಂಗ್ ವಂಶದ ಕಾಲದಲ್ಲಿ, ಕ್ರಿ.ಶ. 630ರಿಂದ 700ರ ವರೆಗೆ, ಬಾಳಿದ್ದನು. ಕಾದಂಬರಿಗಳಲ್ಲಿ ಅವನು ಜಿಲ್ಲೆಯ ಅಧಿಕಾರಿ. ಕಂದಾಯ, ಜನಗಣತಿ, ವ್ಯಾಜ್ಯ, ಕೊಲೆ, ಎಲ್ಲಕ್ಕೂ ಅವನೊಬ್ಬನೇ. ಅಂಥ ಅಧಿಕಾರಿಯನ್ನು ಚೀನೀಯರು ತಾಯಿತಂದೆ ಎಂದು ಕರೆಯುತ್ತಿದ್ದರೆಂಬುದನ್ನು ಓದಿ ಶಿರಸ್ತೇದಾರರು ನಕ್ಕರು. ಅರ್ಜಿ ಹಿಡಿದು ಬಂದ ರೈತರ ಬಾಯಿಂದ ಆ ಮಾತನ್ನು ಅವರೂ ಎಷ್ಟೋ ಸಲ ಕೇಳಿದ್ದರು.

ಆದರೆ ಆ ಕಾಲದ ಕಾನೂನಿನ ಒಂದು ಅಂಶ ಅವರ ನಗೆಯನ್ನು ನಿಲ್ಲಿಸಿತು. ತಾಂಗ್ ಸಂಹಿತೆಯ ಪ್ರಕಾರ, ನಿರಪರಾಧಿಯನ್ನು ಬೇಕೆಂದೇ ಅಪರಾಧಿಯೆಂದು ತೀರ್ಮಾನಿಸಿದ ಅಧಿಕಾರಿಗೆ ಅದೇ ಶಿಕ್ಷೆ. ಅಜಾಗ್ರತೆಯಿಂದ ಹಾಗೆ ಮಾಡಿದ್ದರೆ ಶಿಕ್ಷೆ ಕೆಲವು ಮೆಟ್ಟಿಲು ಕಡಿಮೆಯಾಗುತ್ತಿತ್ತು. ಆದರೆ ಅರಿಯದೆ ಮಾಡಿದೆನೆಂದ ಮಾತ್ರಕ್ಕೆ ಬಿಡುಗಡೆಯಿರಲಿಲ್ಲ. ಶಿರಸ್ತೇದಾರರು ಪುಸ್ತಕವನ್ನು ಮಡಿಸಿ, ಸ್ವಲ್ಪ ಹೊತ್ತು ಜಗುಲಿಯ ಮೇಲೆ ಸುಮ್ಮನೆ ಕುಳಿತಿದ್ದು, ಮರುದಿನ ಬೇರೊಂದು ಪುಸ್ತಕವನ್ನು ತೆಗೆದರು.

ಅದು ಹವ್ಯಾಸಿಯ ಕಥೆ. ಎಡಿತ್ ಪಾರ್ಜಿಟರ್ (1913–1995) ಎಂಬ ಆಂಗ್ಲ ಲೇಖಕಿ ಎಲಿಸ್ ಪೀಟರ್ಸ್ ಎಂಬ ಕಾವ್ಯನಾಮದಿಂದ 1977ರಿಂದ 1994ರ ವರೆಗೆ ಬರೆದ ಇಪ್ಪತ್ತು ಕಾದಂಬರಿಗಳಿಗೆ ನಾಯಕನಾದ ಕ್ಯಾಡ್‌ಫೆಲ್, ಹನ್ನೆರಡನೆಯ ಶತಮಾನದ ಶ್ರೂಸ್‌ಬರಿ ಪಟ್ಟಣದ ಕ್ರೈಸ್ತ ಮಠದಲ್ಲಿ ಗಿಡಮೂಲಿಕೆಯ ತೋಟವನ್ನು ನೋಡಿಕೊಳ್ಳುವ ಸಂನ್ಯಾಸಿ. ಯೌವನದಲ್ಲಿ ಧರ್ಮಯುದ್ಧಗಳಲ್ಲಿ ಕತ್ತಿ ಹಿಡಿದವನು. ಪ್ರಾಯ ಇಳಿದ ಮೇಲೆ ಮಠವನ್ನು ಸೇರಿದವನು. ದೇಶದಲ್ಲಿ ಆಗ ಸ್ಟೀಫನ್ ದೊರೆಗೂ ಮಾಡ್ ರಾಣಿಗೂ ಸಿಂಹಾಸನಕ್ಕಾಗಿ ಯುದ್ಧ. 1138ರಲ್ಲಿ ದೊರೆ ಶ್ರೂಸ್‌ಬರಿಯ ಕೋಟೆಯನ್ನು ಹಿಡಿದು ಒಳಗಿದ್ದ ಸೈನಿಕರನ್ನು ಗಲ್ಲಿಗೇರಿಸಿದನೆಂಬುದು ಚರಿತ್ರೆ. ಲೇಖಕಿ ಅಲ್ಲಿಂದ ಮುಂದಕ್ಕೆ ಕಲ್ಪನೆಯನ್ನು ಹರಿಯಬಿಡುತ್ತಾರೆ. ಗಲ್ಲಿಗೇರಿದವರು ತೊಂಬತ್ನಾಲ್ಕು ಮಂದಿ. ಹೆಣಗಳನ್ನು ಸಂಸ್ಕಾರಕ್ಕೆ ಅಣಿಮಾಡಲು ಹೋದ ಕ್ಯಾಡ್‌ಫೆಲ್ ಎಣಿಸುತ್ತಾನೆ, ತೊಂಬತ್ತೈದು ಇವೆ. ಮತ್ತೆ ಎಣಿಸುತ್ತಾನೆ, ತೊಂಬತ್ತೈದೇ. ಯಾರೋ ಒಬ್ಬನು ತಾನು ಮಾಡಿದ ಒಂದು ಕೊಲೆಯನ್ನು ರಾಜಾಜ್ಞೆಯ ಕೊಲೆಗಳ ರಾಶಿಯಲ್ಲಿ ಅಡಗಿಸಿದ್ದಾನೆ. ಅಷ್ಟು ಹೆಣಗಳ ನಡುವೆ ಒಂದು ಹೆಚ್ಚಾದರೆ ಏನಾಯಿತು ಎನ್ನುವುದು ಅಧಿಕಾರದ ಲೆಕ್ಕ. ಆ ಒಬ್ಬನು ಯಾರ ತೀರ್ಪಿನಿಂದಲೂ ಸಾಯಲಿಲ್ಲ, ಆದುದರಿಂದ ಅವನ ಸಾವಿಗೆ ಉತ್ತರ ಬೇಕು ಎನ್ನುವುದು ಸಂನ್ಯಾಸಿಯ ಲೆಕ್ಕ. ಪಟ್ಟಿಗಳನ್ನು ತಾಳೆ ನೋಡುವುದರಲ್ಲಿಯೇ ಆಯುಷ್ಯವನ್ನು ಸವೆಸಿದ ಶಿರಸ್ತೇದಾರರಿಗೆ ಈ ಪ್ರಸಂಗ ಬಹಳ ಹಿಡಿಸಿತು.

ಕ್ಯಾಡ್‌ಫೆಲ್‌ನ ಕಾಲದಲ್ಲಿ ಬೆರಳಚ್ಚಿನ ಶಾಸ್ತ್ರವಿಲ್ಲ, ರಕ್ತಪರೀಕ್ಷೆಯಿಲ್ಲ. ಅವನಿಗಿರುವ ಸಾಧನಗಳೆಂದರೆ ಮೂಗು, ಕಣ್ಣು, ಮೂಲಿಕೆಗಳ ತಿಳಿವು, ಮನುಷ್ಯರ ತಿಳಿವು. 1980ರಲ್ಲಿ ಹೊರಬಂದ ಒಂದು ಕಾದಂಬರಿಯಲ್ಲಿ ಗೃಹಸ್ಥನೊಬ್ಬನು ಊಟದಲ್ಲಿ ಬೆರೆತ ವಿಷದಿಂದ ಸಾಯುತ್ತಾನೆ. ಆ ವಿಷವಾದರೋ, ಕೀಲುನೋವಿಗೆ ತಿಕ್ಕಲೆಂದು ಕ್ಯಾಡ್‌ಫೆಲ್ ತಾನೇ ಕಾಸಿದ ಎಣ್ಣೆ. ಕನ್ನಡನಾಡಿನ ವೈದ್ಯರು ವತ್ಸನಾಭಿ ಎನ್ನುವ ಮೂಲಿಕೆಯ ಕುಲದ ಗಿಡದಿಂದ ಮಾಡಿದುದು. ತನ್ನ ಕೈಯ ಮದ್ದೇ ಒಬ್ಬನ ಪ್ರಾಣವನ್ನು ತೆಗೆದುದರಿಂದ, ತಾನು ಕೊಲ್ಲದಿದ್ದರೂ ಆ ಸಾವಿನ ಋಣ ತನ್ನ ಮೇಲಿದೆಯೆಂದು ಅವನು ಹೊರಡುತ್ತಾನೆ. ಕೊನೆಯಲ್ಲಿ ಕೊಲೆಗಾರನು ಎದುರಿಗೆ ನಿಂತಾಗ ಅವನನ್ನು ನೇಣಿಗೆ ಒಪ್ಪಿಸದೆ, ಬಾಳಿನುದ್ದಕ್ಕೂ ಪ್ರಾಯಶ್ಚಿತ್ತವನ್ನು ಮಾಡೆಂದು ಬಿಟ್ಟುಕೊಡುತ್ತಾನೆ. ಇಂಥ ತೀರ್ಮಾನ ಮುದ್ರೆಯುಳ್ಳ ಅಧಿಕಾರಿಗೆ ಸಾಧ್ಯವಿಲ್ಲ. ಆದುದರಿಂದಲೇ ಲೇಖಕಿ ಕ್ಯಾಡ್‌ಫೆಲ್‌ನ ಪಕ್ಕದಲ್ಲಿ ಹ್ಯೂ ಬೆರಿಂಗರ್ ಎಂಬ ರಾಜಾಧಿಕಾರಿಯನ್ನು ನಿಲ್ಲಿಸಿದ್ದಾರೆ. ಇಬ್ಬರೂ ಸ್ನೇಹಿತರು. ಅಧಿಕಾರಿಗೆ ತಿಳಿಯಬಾರದ ಸಂಗತಿಯನ್ನು ಸಂನ್ಯಾಸಿ ಹೇಳುವುದಿಲ್ಲ. ಕೇಳಬಾರದುದನ್ನು ಅಧಿಕಾರಿ ಕೇಳುವುದಿಲ್ಲ.

ಅಧಿಕಾರದ ಪತ್ತೇದಾರನಿಗೆ ಇನ್ನೊಂದು ಸಂಕಟವುಂಟು. ಸಿ. ಜೆ. ಸ್ಯಾನ್ಸಮ್ (1952–2024) ಎಂಬ ಇತಿಹಾಸದ ಪಂಡಿತನೂ ವಕೀಲನೂ ಆದ ಲೇಖಕನು 2003ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಕಾಲ 1537. ಎಂಟನೆಯ ಹೆನ್ರಿ ದೊರೆಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಮಠಗಳನ್ನು ಮುಚ್ಚಿಸುತ್ತಿದ್ದಾನೆ. ಒಂದು ಮಠದಲ್ಲಿ ಅವನ ಪ್ರತಿನಿಧಿಯ ಕೊಲೆಯಾಗುತ್ತದೆ. ವಿಚಾರಣೆಗಾಗಿ ಶಾರ್ಡ್‌ಲೇಕ್ ಎಂಬ ಗೂನುಬೆನ್ನಿನ ವಕೀಲನನ್ನು ಅವನು ಕಳುಹಿಸುತ್ತಾನೆ. ಧಣಿಯಲ್ಲಿ ಭಕ್ತಿಯಿಟ್ಟು ಹೊರಟ ಆ ವಕೀಲನಿಗೆ, ಕೊಲೆಯ ಬೇರು ತನ್ನ ಧಣಿಯೇ ಹಿಂದೊಮ್ಮೆ ಚಿತ್ರಹಿಂಸೆಯಿಂದ ಪಡೆದ ಒಂದು ಸುಳ್ಳು ತಪ್ಪೊಪ್ಪಿಗೆಯಲ್ಲಿದೆಯೆಂದು ತಿಳಿಯುತ್ತದೆ. ಮೇಲಿನವರಿಗೆ ಬೇಕಾದುದು ಸತ್ಯವಲ್ಲ, ವರದಿ, ಅದೂ ಬೇಗ. ಈ ಭಾಗವನ್ನು ಓದುವಾಗ ಶಿರಸ್ತೇದಾರರು ಕನ್ನಡಕವನ್ನು ತೆಗೆದು ಎರಡು ಬಾರಿ ಒರೆಸಿಕೊಂಡರೆಂದು ಮನೆಯವರು ಕಂಡಿದ್ದಾರೆ.

ಇನ್ನು ಕೆಲವು ಪುಸ್ತಕಗಳು, ಅಧಿಕಾರವು ಹೋಗಲಾರದ ಎಡೆಗೆ ಹವ್ಯಾಸಿ ಹೇಗೆ ಹೋಗಬಲ್ಲನೆಂಬುದನ್ನು ತೋರಿಸುತ್ತವೆ. ಬೆಂಗಳೂರಿನ ಪರಿಸರವಿಜ್ಞಾನಿ ಹರಿಣಿ ನಾಗೇಂದ್ರ ಅವರು 2022ರಲ್ಲಿ ಹೊರತಂದ ಇಂಗ್ಲಿಷ್ ಕಾದಂಬರಿ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' 1921ರ ಬೆಂಗಳೂರಿನಲ್ಲಿ ನಡೆಯುತ್ತದೆ. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ ಸೆಂಚುರಿ ಕ್ಲಬ್ಬಿನ ಔತಣದಲ್ಲಿ ಕೊಲೆ. ಗಣಿತದಲ್ಲಿ ಆಸಕ್ತಿಯುಳ್ಳ, ಹೊಸದಾಗಿ ಮದುವೆಯಾಗಿ ವೈದ್ಯನ ಮನೆಗೆ ಬಂದ ಕಾವೇರಿ ಪತ್ತೆಗೆ ತೊಡಗುತ್ತಾಳೆ. ಇನ್‌ಸ್ಪೆಕ್ಟರ್ ಇಸ್ಮಾಯಿಲ್ ಸಜ್ಜನ, ಸಮರ್ಥ; ಆದರೂ ಹೆಂಗಸರು ಅವನೆದುರಿಗೆ ಬಾಯಿ ಬಿಡಲಾರದ ಮಾತುಗಳು ಕಾವೇರಿಯ ಕಿವಿಗೆ ಬೀಳುತ್ತವೆ. ಅದೇ 1921ರಲ್ಲಿ, ಮುಂಬಯಿಯಲ್ಲಿ, ಸುಜಾತಾ ಮ್ಯಾಸಿಯವರ ನಾಯಕಿ ಪರ್ವೀನ್ ಮಿಸ್ತ್ರಿ ಎಂಬ ಪಾರ್ಸಿ ವಕೀಲೆ ಪರದೆಯ ಹಿಂದಿನ ವಿಧವೆಯರ ಆಸ್ತಿಯ ವಿಚಾರವನ್ನು ನೋಡುತ್ತಾಳೆ. ಅದು 2018ರ ಕಾದಂಬರಿ. ಈ ನಾಯಕಿಗೆ ಪ್ರೇರಣೆ ಕಾರ್ನೇಲಿಯಾ ಸೊರಾಬ್ಜಿ (1866–1954). ಪರದೆಯ ಸ್ತ್ರೀಯರ ಹಕ್ಕುಗಳಿಗಾಗಿ ನಿಜವಾಗಿ ದುಡಿದ ಮಹಿಳೆ. ಸಾಕ್ಷಿ ಹೇಳಬೇಕಾದವರು ಅನೇಕ ವೇಳೆ ಯಾರೂ ಪ್ರಶ್ನೆ ಕೇಳದ ಮೂಲೆಯಲ್ಲಿ ಇರುತ್ತಾರೆಂಬುದು ಇಂಥ ಕಥೆಗಳ ತಿರುಳು.

ಕಟ್ಟಿನ ಕೊನೆಯ ಪುಸ್ತಕ ಚಿಕ್ಕದು. ಹೆಸರು 'ದಿ ಡಾಟರ್ ಆಫ್ ಟೈಮ್'. ಸತ್ಯವು ಕಾಲನ ಮಗಳೆಂಬ ಗಾದೆಯಿಂದ ಬಂದ ಹೆಸರು. ಜೋಸೆಫೀನ್ ಟೇ ಎಂಬ ಕಾವ್ಯನಾಮದ ಸ್ಕಾಟ್ಲೆಂಡಿನ ಎಲಿಜಬೆತ್ ಮ್ಯಾಕಿಂಟಾಷ್ ಇದನ್ನು 1951ರಲ್ಲಿ, ತಮ್ಮ ಮರಣಕ್ಕೆ ಒಂದು ವರ್ಷ ಮೊದಲು, ಪ್ರಕಟಿಸಿದರು. ಬ್ರಿಟನ್ನಿನ ಪತ್ತೇದಾರಿ ಲೇಖಕರ ಸಂಘವು 1990ರಲ್ಲಿ ನೂರು ಶ್ರೇಷ್ಠ ಕಾದಂಬರಿಗಳನ್ನು ಆರಿಸಿದಾಗ ಮೊದಲ ಸ್ಥಾನ ಇದಕ್ಕೆ ಬಂದಿತು. ಇದರಲ್ಲಿ ಓಟವಿಲ್ಲ, ಕತ್ತಿಯಿಲ್ಲ, ಹೊಸ ಕೊಲೆಯೂ ಇಲ್ಲ. ಅಲನ್ ಗ್ರ್ಯಾಂಟ್ ಎಂಬ ಪೊಲೀಸ್ ಅಧಿಕಾರಿ ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಹೊತ್ತು ಹೋಗಲೆಂದು ಸ್ನೇಹಿತೆ ತಂದುಕೊಟ್ಟ ಚಿತ್ರಗಳಲ್ಲಿ ಒಂದು ಮುಖವನ್ನು ಕಂಡು, ಇದು ನ್ಯಾಯಾಧೀಶನ ಮುಖವೆಂದುಕೊಳ್ಳುತ್ತಾನೆ. ತಿರುಗಿಸಿ ನೋಡಿದರೆ ಮೂರನೆಯ ರಿಚರ್ಡ್. ಸಿಂಹಾಸನಕ್ಕಾಗಿ ಅಣ್ಣನ ಇಬ್ಬರು ಎಳೆಯ ಮಕ್ಕಳನ್ನು ಕೊಲ್ಲಿಸಿದನೆಂದು ಶಾಲೆಯ ಮಕ್ಕಳೆಲ್ಲ ಓದುವ ದೊರೆ. ಅಧಿಕಾರವೆಲ್ಲ ಹಾಸಿಗೆಯ ಪಾಲಾಗಿರುವ ಗ್ರ್ಯಾಂಟ್, ಗ್ರಂಥಾಲಯದಲ್ಲಿ ಸಂಶೋಧನೆ ಮಾಡುವ ಅಮೆರಿಕದ ತರುಣನೊಬ್ಬನನ್ನು ಕೈಕಾಲನ್ನಾಗಿ ಮಾಡಿಕೊಂಡು, ಈ ಹಳೆಯ ಮೊಕದ್ದಮೆಯನ್ನು ಮತ್ತೆ ತೆಗೆಯುತ್ತಾನೆ. ಉದ್ಯೋಗದ ಪತ್ತೇದಾರನೂ ಹವ್ಯಾಸಿಯೂ ಇಲ್ಲಿ ಒಂದಾಗುತ್ತಾರೆ.

ಗ್ರ್ಯಾಂಟನು ಕೇಳುವ ಮೊದಲ ಪ್ರಶ್ನೆ ಸರಳವಾದುದು: ಈ ಸಂಗತಿಯನ್ನು ಹೇಳಿದವನು ಆಗ ಎಲ್ಲಿ ನಿಂತಿದ್ದನು? ರಿಚರ್ಡನ ದುಷ್ಟತನಕ್ಕೆ ಮುಖ್ಯವಾದ ಆಧಾರವೆಂದು ಎಲ್ಲರೂ ತೋರಿಸುವ ಚರಿತ್ರೆಯನ್ನು ಬರೆದವನು ಸರ್ ಥಾಮಸ್ ಮೋರ್. ಸಾಧುವೆಂದು ಜಗತ್ತೇ ಒಪ್ಪಿದವನು. ಆದರೆ ಅವನು ಹುಟ್ಟಿದ್ದು 1478ರಲ್ಲಿ. ರಿಚರ್ಡನು ಆಳಿದ್ದು 1483ರಿಂದ 1485ರ ವರೆಗೆ. ಐದಾರು ವರ್ಷದ ಮಗು ಏನನ್ನು ಕಂಡೀತು? ಆ ಬಾಲಕನು ಬೆಳೆದುದು ಜಾನ್ ಮಾರ್ಟನ್ ಎಂಬ ಧರ್ಮಾಧಿಕಾರಿಯ ಮನೆಯಲ್ಲಿ. ಮಾರ್ಟನನಾದರೋ ರಿಚರ್ಡನ ಕಡುವೈರಿ, ರಿಚರ್ಡನನ್ನು ಕೊಂದು ಪಟ್ಟವೇರಿದ ಏಳನೆಯ ಹೆನ್ರಿಯ ಮಂತ್ರಿ. ಹತ್ತಾರು ಗ್ರಂಥಗಳು ಒಂದೇ ಮಾತನ್ನು ಹೇಳುತ್ತಿರುವುದು ಹತ್ತಾರು ಸಾಕ್ಷಿಗಳಿರುವುದರಿಂದಲ್ಲ, ಎಲ್ಲವೂ ಒಂದೇ ಬಾಯಿಂದ ಹೊರಟಿರುವುದರಿಂದ ಎಂಬುದು ಗ್ರ್ಯಾಂಟನ ವಾದ.

ಈ ವಾದವನ್ನು ಪೂರ್ತಿಯಾಗಿ ಒಪ್ಪಬೇಕಾದುದಿಲ್ಲ. ಚರಿತ್ರಕಾರರಲ್ಲಿ ಬಹುಮಂದಿ ಒಪ್ಪಿಯೂ ಇಲ್ಲ. 1483ರಲ್ಲಿ ಲಂಡನ್ನಿನಲ್ಲಿಯೇ ಇದ್ದ ಡೊಮಿನಿಕ್ ಮ್ಯಾನ್ಚಿನಿ ಎಂಬ ಇಟಲಿಯವನು ಅದೇ ವರ್ಷ ಬರೆದಿಟ್ಟ ವೃತ್ತಾಂತದ ಹಸ್ತಪ್ರತಿ 1934ರಲ್ಲಿ ಫ್ರಾನ್ಸಿನ ಲೀಲ್ ಪಟ್ಟಣದ ಗ್ರಂಥಾಲಯದಲ್ಲಿ ದೊರೆಯಿತು. ಮಕ್ಕಳು ದಿನೇ ದಿನೇ ಕಣ್ಣಿಗೆ ಬೀಳುವುದು ವಿರಳವಾಗಿ ಕೊನೆಗೆ ಕಾಣದೆಯೇ ಹೋದರೆಂದೂ, ಜನರಲ್ಲಿ ಆಗಲೇ ಸಂಶಯವಿತ್ತೆಂದೂ ಅದರಲ್ಲಿದೆ. ಆದುದರಿಂದ ಅಪವಾದವೆಲ್ಲ ವೈರಿಗಳು ಆಮೇಲೆ ಕಟ್ಟಿದುದೆನ್ನಲಾಗದು. 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ಲಿಸುವ ಒಂದು ಆವರಣವನ್ನು ಅಗೆದಾಗ ದೊರೆಯ ಅಸ್ಥಿಪಂಜರ ಸಿಕ್ಕಿತು; 2013ರಲ್ಲಿ ಅದು ಅವನದೇ ಎಂದು ವಿಜ್ಞಾನಿಗಳು ಸಾರಿದರು; 2015ರಲ್ಲಿ ಅದಕ್ಕೆ ರಾಜಮರ್ಯಾದೆಯಿಂದ ಸಮಾಧಿಯಾಯಿತು. ಬೆನ್ನೆಲುಬು ಪಕ್ಕಕ್ಕೆ ಬಾಗಿತ್ತು. ನಾಟಕಗಳು ತೋರಿಸುವ ಗೂನು ಇರಲಿಲ್ಲ. ಮೂಳೆಗಳು ಇಷ್ಟನ್ನು ಹೇಳಿದುವು. ಮಕ್ಕಳ ವಿಚಾರದಲ್ಲಿ ಅವು ಏನನ್ನೂ ಹೇಳಲಿಲ್ಲ, ಹೇಳಲಾರವು. ಹಳೆಯ ಅನ್ಯಾಯವನ್ನು ತಿದ್ದಹೊರಟ ಕಾದಂಬರಿಯೇ ಓದುಗನ ಮನಸ್ಸನ್ನು ಒಲಿಸಿಕೊಂಡು ಹೊಸದೊಂದು ಏಕಪಕ್ಷದ ತೀರ್ಪನ್ನು ಕೊಟ್ಟುಬಿಡಬಹುದು. ಗ್ರಂಥಕರ್ತ್ರಿಯ ತೀರ್ಪನ್ನು ಬಿಟ್ಟು ಅವರ ಪ್ರಶ್ನೆಯನ್ನು ಮಾತ್ರ ಇಟ್ಟುಕೊಳ್ಳುವುದು ಲೇಸು.

ಶಿರಸ್ತೇದಾರರು ಇಟ್ಟುಕೊಂಡುದೂ ಪ್ರಶ್ನೆಯನ್ನೇ. ಪುಸ್ತಕ ಮುಗಿದ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಇಪ್ಪತ್ತು ವರ್ಷಗಳಿಗೂ ಹಿಂದೆ ಅವರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಖಾತೆ ಬದಲಾವಣೆಯ ಪುಸ್ತಕದಿಂದ ಒಂದು ಹಾಳೆ ಕಾಣೆಯಾಗಿತ್ತು. ಬೀಗದ ಕೈ ಇದ್ದುದು ಜವಾನನ ಬಳಿ. ವಿಚಾರಣೆ ಮಾಡಿ ವಾರದೊಳಗೆ ವರದಿ ಕೊಡಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಗುಮಾಸ್ತನೊಬ್ಬನು, ಗ್ರಾಮಲೆಕ್ಕಿಗನೊಬ್ಬನು, ಕಚೇರಿಯ ಮುಂದೆ ಅರ್ಜಿ ಬರೆಯುವವನೊಬ್ಬನು, ಹೀಗೆ ಮೂವರು ಹೇಳಿಕೆ ಕೊಟ್ಟರು: ಜವಾನನು ಹಳೆಯ ಬಸ್ ನಿಲ್ದಾಣದ ಬಳಿ ಐನೂರು ರೂಪಾಯಿ ತೆಗೆದುಕೊಂಡನು. ಮೂವರ ಹೇಳಿಕೆಗಳಲ್ಲಿಯೂ ಪರಸ್ಪರ ವಿರೋಧವಿಲ್ಲದಿರುವುದರಿಂದ ಆರೋಪವು ರುಜುವಾತಾಗಿದೆಯೆಂದು ಶಿರಸ್ತೇದಾರರು ಬರೆದು ರುಜು ಹಾಕಿದರು. ಮುಂದಿನ ಕ್ರಮಗಳೆಲ್ಲ ಆ ವರದಿಯ ಮೇಲೆಯೇ ನಡೆದುವು. ಜವಾನನ ಕೆಲಸ ಹೋಯಿತು.

ಬೆಳಗಾದ ಮೇಲೆ ಅವರು ಟ್ರಂಕಿನಿಂದ ಆ ವರ್ಷದ ದಿನಚರಿಯನ್ನು ತೆಗೆದರು. ಮೂವರ ಮಾತುಗಳನ್ನೂ ಅವರು ಅದರಲ್ಲಿ ಗುರುತು ಹಾಕಿಕೊಂಡಿದ್ದರು. ಮೂರೂ ಒಂದೇ ವಾಕ್ಯ. ಪದಗಳ ಕ್ರಮವೂ ಅದೇ. ಕಣ್ಣಾರೆ ಕಂಡೆನೆಂದು ಅವರಲ್ಲಿ ಒಬ್ಬನೂ ಹೇಳಿರಲಿಲ್ಲ. ನೀನು ಆಗ ಎಲ್ಲಿದ್ದೆಯೆಂದು ಯಾರೂ ಕೇಳಿರಲೂ ಇಲ್ಲ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂದು ಸಾಲು ಇತ್ತು. ಅದು ಜವಾನನ ಮಾತು: "ಬೀಗದ ಕೈ ಎರಡಿದೆ ಸ್ವಾಮಿ, ಇನ್ನೊಂದು ಎಲ್ಲಿದೆ ಅಂತ ಕೇಳಿ." ಆ ಇನ್ನೊಂದನ್ನು ಯಾರೂ ವಿಚಾರಿಸಲಿಲ್ಲ. ವರದಿಯಲ್ಲಿ ಆ ಮಾತೇ ಇರಲಿಲ್ಲ.

ಕಚೇರಿಗೆ ಹೋಗಿ ಕೇಳಿದರು. ಆ ಕಡತವನ್ನು ಅವಧಿ ಮುಗಿದುದರಿಂದ ನಾಶಪಡಿಸಲಾಗಿದೆಯೆಂದು ಅಲ್ಲಿಯ ಯುವಕರು ವಿನಯದಿಂದಲೇ ತಿಳಿಸಿದರು. ತಿದ್ದೋಣವೆಂದರೆ ತಿದ್ದಲು ಕಾಗದವಿಲ್ಲ. ಆರೋಪವು ಉಳಿದಿರುವುದು ಈಗ ಬೀದಿಯ ಬಾಯಲ್ಲಿ ಮಾತ್ರ. ಅಲ್ಲಿಗೆ ಯಾವ ಅವಧಿಯೂ ಇಲ್ಲ. ಅವರು ಮನೆಗೆ ಬಂದು ಒಂದು ಹಾಳೆಯನ್ನು ಬರೆದರು. ಜವಾನನು ನಿರಪರಾಧಿಯೆಂದು ಬರೆಯಲಿಲ್ಲ; ಅದು ಅವರಿಗೆ ಗೊತ್ತಿರಲಿಲ್ಲ, ಈಗ ಗೊತ್ತಾಗುವಂತೆಯೂ ಇರಲಿಲ್ಲ. ಮೂವರು ಸಾಕ್ಷಿಗಳಲ್ಲಿ ಒಬ್ಬನೂ ಕಂಡವನಲ್ಲವೆಂದೂ, ಬೀಗದ ಕೈಗಳು ಎರಡಿದ್ದುವೆಂದು ಆತನು ಹೇಳಿದ್ದರೂ ಎರಡನೆಯದನ್ನು ತಾವು ವಿಚಾರಿಸಲಿಲ್ಲವೆಂದೂ, ಆರೋಪ ರುಜುವಾಗದೆ ಇದ್ದರೂ ರುಜುವಾತಾಯಿತೆಂದು ಬರೆದುದು ತಮ್ಮ ತಪ್ಪೆಂದೂ ಬರೆದು, ಹೆಸರೂ ಹಿಂದಿನ ಹುದ್ದೆಯೂ ಕಾಣುವಂತೆ ರುಜು ಹಾಕಿದರು.

ಜವಾನನು ತೀರಿಹೋಗಿ ಆರು ವರ್ಷಗಳಾಗಿದ್ದುವು. ಮಗನು ಊರ ಹೊರಗಿನ ರಸ್ತೆಯಲ್ಲಿ ಸೈಕಲ್ಲು ರಿಪೇರಿಯ ಅಂಗಡಿಯಿಟ್ಟಿದ್ದನು, ತಾಯಿ ಒಳಗಿದ್ದಳು. ಬಂದವರಾರೆಂದು ತಿಳಿದ ಮೇಲೆ ಇಬ್ಬರೂ ಕೂರಿ ಎನ್ನಲಿಲ್ಲ. ಶಿರಸ್ತೇದಾರರು ನಿಂತೇ ಹಾಳೆಯನ್ನು ಓದಿದರು. ಬೀಗದ ಕೈಗಳ ಮಾತು ಬಂದಾಗ ಮುದುಕಿ ತಲೆಯೆತ್ತಿದಳು. "ಸಾಯೋ ತನಕ ಅದನ್ನೇ ಹೇಳ್ತಿದ್ರು," ಎಂದಳು. ಓದಿ ಮುಗಿದ ಮೇಲೆ ಕ್ಷಮೆಯ ಮಾತನ್ನು ಅವರು ಕೇಳಲಿಲ್ಲ, ಅವಳು ಆಡಲೂ ಇಲ್ಲ. ಮಗನು ಕೈಗೆ ಹತ್ತಿದ ಎಣ್ಣೆಯನ್ನು ಒರೆಸಿಕೊಂಡು ಹಾಳೆಯನ್ನು ತೆಗೆದುಕೊಂಡನು. ಅವನು ಅದನ್ನು ಮಡಿಸುವಷ್ಟರಲ್ಲಿ ತಾಯಿ ತಡೆದು, ಬೀಗದ ಕೈಯ ಸಾಲನ್ನು ಇನ್ನೊಂದು ಸಲ, ನೆರೆಮನೆಯವರಿಗೂ ಕೇಳುವಂತೆ, ಓದಿ ಹೇಳಬೇಕೆಂದಳು. ಶಿರಸ್ತೇದಾರರು ಹಾಳೆಯನ್ನು ಮತ್ತೆ ಇಸಿದುಕೊಂಡು, ಬಾಗಿಲಿಗೆ ಬಂದು, ಗಟ್ಟಿಯಾಗಿ ಓದಿದರು.